ಜೆರಿಕೋದಿಂದ ತಂದ ನೀಲಿ ಫ್ರೇಮು

ಹಳೆಯ ಸ್ಟೀಲ್ ಸೈಕಲ್ ಫ್ರೇಮುಗಳನ್ನು ಕೊಂಡು ಮಾರುವುದು ನನ್ನ ಹೊಟ್ಟೆಪಾಡಲ್ಲ. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವವನಿಗೆ ಕೈ ಕೊಳೆಯಾಗುವಂಥ ಕೆಲಸವೊಂದು ಬೇಕಿತ್ತು, ಅಷ್ಟೆ. ಚಕ್ರ, ಚೈನು, ಸೀಟು ಏನೂ ಇಲ್ಲದ ಬರೀ ಚೌಕಟ್ಟನ್ನು ಯಾರದೋ ಗ್ಯಾರೇಜಿನಿಂದ ತರುತ್ತೇನೆ. ತುಕ್ಕು ತೆಗೆದು, ಬೆಸುಗೆ ಬಿಟ್ಟಿದೆಯೇ ನೋಡಿ, ಫೋಟೋ ಹಿಡಿದು ಆನ್‌ಲೈನಿನಲ್ಲಿ ಹಾಕುತ್ತೇನೆ. ಈಗಿನ ಹಗುರವಾದ ಸೈಕಲ್ಲುಗಳು ಬೇಡ, ಸ್ಟೀಲೇ ಬೇಕು ಅನ್ನುವವರು ಈ ಕಡೆ ಬೇಕಾದಷ್ಟಿದ್ದಾರೆ. ನ್ಯೂಜೆರ್ಸಿಯ ಹಿಲ್ಸ್‌ಬರೋದಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಯಾವಾಗಲೂ ಏಳೆಂಟು ನೇತಾಡುತ್ತಿರುತ್ತವೆ. ಬಟ್ಟೆ ಒಗೆಯಲು ಕೆಳಗಿಳಿಯುವ ನನ್ನ ಹೆಂಡತಿ ಅವುಗಳ ಕೆಳಗೆ ತಲೆ ಬಗ್ಗಿಸಿಕೊಂಡು ಓಡಾಡುವುದನ್ನು ರೂಢಿ ಮಾಡಿಕೊಂಡಿದ್ದಾಳೆ.

ಹೋದ ವರ್ಷ ಹಿಮ ಕರಗಿದ ಮೇಲೆ ಕ್ವೀನ್ಸ್‌ನಿಂದಲೂ ಆಚೆಯ ಜೆರಿಕೋ ಎಂಬ ಊರಿನಿಂದ ಒಂದು ಜಾಹೀರಾತು ಬಂತು. ‘ಹಳೇ ಸೈಕಲ್ ಫ್ರೇಮು, ತುಕ್ಕು ಹಿಡಿದಿದೆ, ಬೇಗ ಒಯ್ಯಬೇಕು’ ಎಂಬ ಒಂದು ಸಾಲು, ಮಸುಕಾದ ಒಂದು ಫೋಟೋ. ಫೋಟೋದಲ್ಲಿ ಕಂಡದ್ದು ಕಾರ್ಖಾನೆಯ ಮಾಲಲ್ಲ ಎಂದು ನನಗೆ ಅನ್ನಿಸಿತು. ಶನಿವಾರ ಬೆಳಿಗ್ಗೆ ಎರಡು ಸೇತುವೆ ದಾಟಿ, ಟ್ರಾಫಿಕ್ಕಿನಲ್ಲಿ ತೆವಳಿ ಹೋದೆ.

ಗ್ಯಾರೇಜಿನ ಬಾಗಿಲು ತೆರೆದವರು ನಲವತ್ತೈದರ ಆಸುಪಾಸಿನ ಒಬ್ಬ ಭಾರತೀಯ ಮಹಿಳೆ. ಅಮೆರಿಕದಲ್ಲೇ ಹುಟ್ಟಿದವರೆಂದು ಮಾತಿನಲ್ಲೇ ತಿಳಿಯುತ್ತಿತ್ತು. ತಂದೆಗೆ ಸೊಂಟದ ಆಪರೇಷನ್ ಆಗಿದೆ, ಚೇತರಿಸಿಕೊಳ್ಳಲು ರಿಹ್ಯಾಬ್‌ನಲ್ಲಿದ್ದಾರೆ, ಅವರು ಬರುವಷ್ಟರಲ್ಲಿ ವಾಕರ್ ಹಿಡಿದು ಓಡಾಡುವಷ್ಟು ಜಾಗ ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮೂಲೆಯಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ, ದುಂಡಗಿನ ಕನ್ನಡ ಅಕ್ಷರದಲ್ಲಿ ‘ಧಾರವಾಡ’ ಎಂದು ಬರೆದಿತ್ತು.

“ನೀವು ಕನ್ನಡದವರಾ?” ಅಂದೆ.

“ಡ್ಯಾಡ್ ಮಾತಾಡ್ತಾರೆ. ನನಗೆ ಅರ್ಥ ಆಗತ್ತೆ,” ಅಂದರು.

ಆಗ ನಾನು ಕೇಳಬೇಕಿತ್ತು, ಈ ಫ್ರೇಮು ಮಾರುತ್ತಿರುವುದು ನಿಮ್ಮ ತಂದೆಗೆ ಗೊತ್ತಿದೆಯೇ ಎಂದು. ಆದರೆ ಫ್ರೇಮು ಆಗಲೇ ನನ್ನ ಕೈಯಲ್ಲಿತ್ತು. ಕಡು ನೀಲಿ, ಬಹಳ ಸಣ್ಣ ಅಳತೆ, ಕೊಳವೆಗಳು ಸೇರುವ ಕಡೆಯಲ್ಲೆಲ್ಲ ಕೈಯಿಂದ ಅರ ಹಾಕಿ ನಯಗೊಳಿಸಿದ ಲಗ್ಗುಗಳು, ಅಂದರೆ ಜೋಡಣೆಯ ಲೋಹದ ಕವಚಗಳು. ಕೇಳಿದರೆ ಎಲ್ಲಿ ಕೈತಪ್ಪುತ್ತದೋ ಎಂದು ಬಾಯಿ ಮುಚ್ಚಿಕೊಂಡೆ. ಕಾರಿಗೆ ಹಾಕಿಕೊಂಡು ಬಂದುಬಿಟ್ಟೆ.

ಮನೆಯಲ್ಲಿ ಒರೆಸಿ ನೋಡಿದಾಗ ಮುಂದಿನ ಲಗ್ಗಿನ ತುದಿ ಒಂದು ಕಡೆ ಓರೆಯಾಗಿರುವುದು ಕಾಣಿಸಿತು. ಉಳಿದ ಕಡೆ ಅಷ್ಟು ಅಚ್ಚುಕಟ್ಟಾಗಿದ್ದ ಕೆಲಸ ಅಲ್ಲೊಂದು ಕಡೆ ಮಾತ್ರ ಕೆಟ್ಟಿತ್ತು. ಗಿರಾಕಿಗೆ ಮೋಸ ಆಗಬಾರದಲ್ಲ, ಜಾಹೀರಾತಿನಲ್ಲಿ ‘ಒಂದು ಸಣ್ಣ ದೋಷವಿದೆ’ ಎಂದು ಬರೆದು ಅದರ ಫೋಟೋವನ್ನೂ ಹಾಕಿದೆ.

ಎರಡೇ ದಿನದಲ್ಲಿ ಕ್ವೀನ್ಸ್‌ನ ಒಬ್ಬ ಹುಡುಗಿ ಬೇಕೆಂದಳು. ಆಸ್ಪತ್ರೆಯೊಂದರಲ್ಲಿ ನರ್ಸು. ಆ ಕಡೆಯ ಗಿರಾಕಿಗಳಿಗೆ ನಾನು ಫ್ಲಶಿಂಗ್ ದೇವಸ್ಥಾನದ ಬೀದಿಯಲ್ಲೇ ಸಾಮಾನು ತಲುಪಿಸುವುದು; ನಮಗೆ ದರ್ಶನವೂ ಆಗುತ್ತದೆ, ಕ್ಯಾಂಟೀನಿನಲ್ಲಿ ದೋಸೆಯೂ ಆಗುತ್ತದೆ. ಅವಳು ಐದಡಿಗಿಂತ ಎತ್ತರವಿರಲಿಲ್ಲ. ಫ್ರೇಮನ್ನು ಎರಡು ಕಾಲುಗಳ ನಡುವೆ ಹಿಡಿದು ನಿಂತು ನೋಡಿ, ಒಂದು ಮಾತೂ ಚೌಕಾಸಿ ಮಾಡದೆ ಕೊಂಡು ಹೋದಳು.

ಮೂರು ವಾರದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ನಮ್ಮನಿಯಿಂದ ಸೈಕಲ್ ಫ್ರೇಮ್ ಒಯ್ದವರು ನೀವ ಏನ್ರಿ?” ವಯಸ್ಸಾದ, ತೆಳುವಾದ ದನಿ.

ಹೌದು ಅಂಕಲ್, ನಾನು ಮೈಸೂರಿನವನು ಅಂದೆ.

“ಮೈಸೂರಿನಾಂವ ಏನಪಾ. ಛಲೋ ಆತು. ಮಗಳ ಫೋನಿನ್ಯಾಗ ನಿನ್ನ ನಂಬರ್ ಸಿಕ್ತು. ಅದು ಇನ್ನೂ ನಿನ್ನ ಹತ್ರನ ಅದ ಅಲ್ಲೋ?”

ಮಾರಿಬಿಟ್ಟೆ ಎಂದು ಹೇಳಿದೆ.

“ಮಗಳದೇನೂ ತಪ್ಪಿಲ್ಲ,” ಅಂದರು. “ಇಪ್ಪತ್ತು ವರ್ಷ ಆತು, ನಾ ಅದನ್ನ ಮುಟ್ಟಿಲ್ಲ. ಆಕಿಗೆ ಹೆಂಗ ಗೊತ್ತಾಗಬೇಕು.”

ಆಮೇಲೆ ತಾವಾಗಿಯೇ ಹೇಳಿದರು. ಅಮೆರಿಕಕ್ಕೆ ಓದಲು ಬಂದ ಹೊಸದರಲ್ಲಿ ಅವರ ಎತ್ತರಕ್ಕೆ ಒಗ್ಗುವ ಸೈಕಲ್ಲೇ ಅಂಗಡಿಗಳಲ್ಲಿ ಇರಲಿಲ್ಲವಂತೆ. ಮಕ್ಕಳ ಸೈಕಲ್ ತೋರಿಸುತ್ತಿದ್ದರಂತೆ. ನ್ಯೂಜೆರ್ಸಿಯಲ್ಲಿ ಒಬ್ಬ ಮುದುಕ ಕೈಯಿಂದ ಫ್ರೇಮು ಕಟ್ಟುತ್ತಿದ್ದ. ಪೂರ್ತಿ ದುಡ್ಡು ಕೊಡಲು ಆಗದ್ದಕ್ಕೆ ಒಂದು ಚಳಿಗಾಲವಿಡೀ ಶನಿವಾರ ಅವನ ಅಂಗಡಿಗೆ ಹೋಗಿ ಲಗ್ಗುಗಳಿಗೆ ಅರ ಹಾಕಿಕೊಟ್ಟರು. ತಮ್ಮ ಫ್ರೇಮಿನ ಲಗ್ಗುಗಳನ್ನು ತಾವೇ ಉಜ್ಜಿದರು.

“ಇನ್ನ ನಾ ಸೈಕಲ್ ಹೊಡ್ಯಾಂವ ಅಲ್ಲ. ಗ್ವಾಡಿಗೆ ತೂಗಹಾಕಿದ್ದರ ಸಾಕಿತ್ತು, ಕಣ್ಣ ಮುಂದ ಇರ್ತಿತ್ತು. ಒಂದು ಸಲ ಕೇಳಿ ನೋಡ್ತೀಯೇನಪಾ?”

ಕೇಳುತ್ತೇನೆ ಅಂದೆ. ಬೇರೆ ಏನು ಹೇಳಲಿ?

ಹುಡುಗಿಗೆ ಮೆಸೇಜ್ ಮಾಡಿದೆ. ಕೊಟ್ಟ ದುಡ್ಡಿನ ಜೊತೆಗೆ ಸೈಕಲ್ ಜೋಡಿಸಲು ಆದ ಖರ್ಚನ್ನೂ ಕೊಡುತ್ತೇನೆ ಅಂದೆ. ಕೊಡುವುದಿಲ್ಲ ಎಂದು ಅವಳು ಬರೆಯಲಿಲ್ಲ. ಅವರನ್ನು ಒಮ್ಮೆ ನೋಡುತ್ತೇನೆ, ಅವರಿಗೆ ಸೈಕಲ್ಲನ್ನೂ ತೋರಿಸುತ್ತೇನೆ ಎಂದು ಬರೆದಳು. ಒಂದು ಭಾನುವಾರ ಫ್ಲಶಿಂಗಿನಲ್ಲೇ ಸೇರುವುದೆಂದಾಯಿತು.

ಅಂಕಲ್ಲನ್ನು ಮಗಳು ಕಾರಿನಲ್ಲಿ ತಂದು ಬಿಟ್ಟು, ಪಾರ್ಕಿಂಗ್ ಹುಡುಕಲು ಹೋದರು. ಸಣ್ಣ ಆಳು. ಇಸ್ತ್ರಿ ಮಾಡಿದ ಅಂಗಿ, ಮೇಲೊಂದು ಸ್ವೆಟರು, ಎರಡೂ ಕೈ ವಾಕರಿನ ಮೇಲೆ. ನಾವು ಕ್ಯಾಂಟೀನಿನ ಹೊರಗೆ ನಿಂತಿದ್ದಾಗ ಅವಳು ಆ ಸೈಕಲ್ಲಿನ ಮೇಲೆಯೇ ಬಂದಳು. ಹೊಸ ಚಕ್ರ, ಮುಂದೊಂದು ಬುಟ್ಟಿ. ನೀಲಿ ಬಣ್ಣವನ್ನು ಹಾಗೇ ಉಳಿಸಿಕೊಂಡಿದ್ದಳು.

ಅಂಕಲ್ ವಾಕರ್ ಬಿಟ್ಟು ಹ್ಯಾಂಡಲ್ ಹಿಡಿದುಕೊಂಡರು. ನಾನು ಅವರ ಬೆನ್ನ ಹಿಂದೆ ಕೈ ಚಾಚಿ ನಿಂತೆ. ಹೆಬ್ಬೆರಳಿನಿಂದ ಮುಂದಿನ ಲಗ್ಗಿನ ಆ ಓರೆ ತುದಿಯನ್ನು ಮುಟ್ಟಿ, “ಇಲ್ಲಿ ಅರ ಜಾರಿತ್ತು ನನ್ನ ಕೈಯಾಗ,” ಅಂದರು. ಅದನ್ನೇ ಇಂಗ್ಲಿಷಿನಲ್ಲಿ ಅವಳಿಗೂ ಹೇಳಿದರು.

ಅವಳು ನನ್ನ ಕಡೆ ನೋಡಿ, “ಇವರು ಅದನ್ನು ದೋಷ ಅಂತ ಬರೆದಿದ್ದರು,” ಅಂದಳು.

ಅಂಕಲ್ ನನ್ನತ್ತ ತಿರುಗಿದರು. “ಹಂಗ ಬರದಿದ್ದಿ ಏನು?”

“ಬರೆದಿದ್ದೆ ಅಂಕಲ್,” ಅಂದೆ.

“ಇರಲಿ ಬಿಡು. ದೋಷನ ಅದು. ಮುದುಕ ಬೈದಿದ್ದ ನನಗ,” ಅಂದು, ದನಿ ತಗ್ಗಿಸಿ ಕನ್ನಡದಲ್ಲೇ ಮುಂದುವರಿಸಿದರು, “ನನ್ನ ಬಾಯಿಲೆ ಕೇಳ್ಲಿಕ್ಕೆ ಆಗೂದಿಲ್ಲ. ನೀ ಕೇಳು.”

ಫ್ರೇಮನ್ನು ವಾಪಸು ಕೊಡಬಹುದೇ ಎಂದು ನಾನು ಅವಳನ್ನು ಕೇಳಿದೆ. ಅವಳು ಬ್ರೇಕಿನ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಶಾಲೆಯ ದಿನದಿಂದಲೂ ನನ್ನ ಅಳತೆಗೆ ದೊಡ್ಡದಾದ ಸೈಕಲ್ಲುಗಳನ್ನೇ ಓಡಿಸಿದ್ದೇನೆ, ನಿಲ್ಲಿಸಬೇಕಾದಾಗಲೆಲ್ಲ ಹಾರಿ ಇಳಿಯಬೇಕಿತ್ತು, ಎರಡು ಸಲ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದೇನೆ ಅಂದಳು. ಶಿಫ್ಟಿನ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಕಾಲು ನೆಲಕ್ಕೆ ತಾಗುವ ಸೈಕಲ್ ಸಿಕ್ಕಿದ್ದು ಇದೇ ಮೊದಲು. “ಇವರು ಇದನ್ನು ಓಡಿಸುತ್ತಾರಾ?” ಎಂದು ನನ್ನನ್ನು ಕೇಳಿದಳು. ಕೇಳಿದ ಮೇಲೆ ವಾಕರಿನ ಕಡೆ ನೋಡಿ ಕಣ್ಣು ತುಂಬಿಕೊಂಡಳು.

“ದಯವಿಟ್ಟು ನನ್ನನ್ನು ಕೆಟ್ಟವಳನ್ನಾಗಿ ಮಾಡಬೇಡಿ,” ಅಂದಳು. ಇಬ್ಬರಲ್ಲಿ ಯಾರಿಗೆ ಹೇಳಿದಳೋ ಗೊತ್ತಾಗಲಿಲ್ಲ.

ಅಂಕಲ್ ಇಂಗ್ಲಿಷಿನಲ್ಲಿ, ಇದು ನಿನ್ನದು, ನಿನ್ನದೇ, ಅಂದರು. ಆಮೇಲೆ ನನಗೆ, “ಆಕಿ ಹೇಳೂದು ಖರೆ ಅದ,” ಅಂದರು. ಹ್ಯಾಂಡಲ್ ಬಿಡಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು. ಅವರ ಬೆರಳುಗಳನ್ನು ನಾನೇ ಬಿಡಿಸಿ ವಾಕರಿನ ಮೇಲೆ ಇಡಬೇಕಾಯಿತು.

ಅಷ್ಟರಲ್ಲಿ ಮಗಳು ಬಂದರು. ತಂದೆಯನ್ನು ಒಳಗೆ ಕೂರಿಸಿ ಕಾಫಿ ತಂದುಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದರು. ನಾನು ನಿಮಗೆ ಹೇಳಿದ್ದು ಫ್ರೇಮು ಒಯ್ಯಲು ಮಾತ್ರ, ಇದನ್ನೆಲ್ಲ ಯಾಕೆ ಶುರು ಮಾಡಿದಿರಿ ಅಂದರು. ನಾನು ಶುರು ಮಾಡಲಿಲ್ಲ ಅನ್ನಬಹುದಿತ್ತು. ಅಷ್ಟರಲ್ಲಿ ಅವರೇ, “ಹೀ ಈಸ್ ಸೋ ಪೊಲೈಟ್ ಟು ಮಿ ನೌ,” ಅಂದರು. ಅಪ್ಪ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಈಗ ಒಂದು ಲೋಟ ನೀರು ಕೊಟ್ಟರೂ ಥ್ಯಾಂಕ್ಸ್ ಹೇಳುತ್ತಾರೆ ಎಂದು ಹೇಳಿ, ಒಳಗೆ ತಂದೆಯ ಪಕ್ಕ ಹೋಗಿ ಕೂತರು.

ಬೇಸಿಗೆಯಲ್ಲಿ ನಾನು ನ್ಯೂಜೆರ್ಸಿಯ ಆ ಮುದುಕ ಕಟ್ಟಿದ ಬೇರೆ ಫ್ರೇಮು ಸಿಗುತ್ತದೇನೋ ಎಂದು ಹುಡುಕಿದೆ. ಪೆನ್ಸಿಲ್ವೇನಿಯಾದ ಕಡೆ ಒಂದು ಸಿಕ್ಕಿತು. ಹಸಿರು ಬಣ್ಣದ್ದು, ಅಳತೆ ದೊಡ್ಡದು. ಜೆರಿಕೋಗೆ ಒಯ್ದು ತೋರಿಸಿದೆ. ಅಂಕಲ್ ಕನ್ನಡಕ ಹಾಕಿಕೊಂಡು ಒಂದೊಂದೇ ಲಗ್ಗು ನೋಡಿದರು. “ಆತನ ಕೈನ. ಭಾಳ ಛಲೋ ಅದ,” ಅಂದರು. ಇಲ್ಲೇ ಇಟ್ಟುಕೊಳ್ಳಿ ಅಂಕಲ್ ಅಂದರೆ, “ಯಾರದೋ ಇರತದ ಅದು. ಅವರು ಕೇಳಿಕೋತ ಬರ್ತಾರ,” ಎಂದು ನನ್ನ ಕೈಗೇ ವಾಪಸು ಕೊಟ್ಟರು. ವ್ಯಂಗ್ಯವಾಗಿ ಹೇಳಿದ ಹಾಗೆ ಕಾಣಲಿಲ್ಲ. ಆ ಹಸಿರು ಫ್ರೇಮನ್ನು ನಾನು ಇನ್ನೂ ಮಾರಿಲ್ಲ.

ಆದರೂ ಅವರು ಎರಡು ವಾರಕ್ಕೊಮ್ಮೆ, ಶನಿವಾರ ಬೆಳಿಗ್ಗೆ, ಫೋನ್ ಮಾಡುವುದನ್ನು ರೂಢಿ ಮಾಡಿಕೊಂಡರು. ಫಿಸಿಯೋಥೆರಪಿಯ ಸುದ್ದಿ, ನಮ್ಮ ಕಡೆಯ ಹವಾಮಾನ, ಆಮೇಲೆ ಸೈಕಲ್ಲು. ಹುಡುಗಿ ನನಗೆ ಆಗಾಗ ಫೋಟೋ ಕಳಿಸುತ್ತಿದ್ದಳು. ನಾನು ಅವನ್ನು ಅವರಿಗೆ ಕಳಿಸುತ್ತಿದ್ದೆ. ಅವರಿಗೆ ಅಷ್ಟರಲ್ಲೇ ಸಮಾಧಾನವಾಗುತ್ತಿತ್ತು, ನನಗೂ.

ಚಳಿ ಶುರುವಾಗುವ ಹೊತ್ತಿಗೆ ಅವಳಿಂದ ಒಂದು ಉದ್ದದ ಮೆಸೇಜ್ ಬಂತು. ಹನ್ನೆರಡು ಗಂಟೆಯ ಶಿಫ್ಟು ಮುಗಿಸಿ ಹೊರಗೆ ಬಂದರೆ ಸೈಕಲ್ ನಿಲ್ಲಿಸಿದ್ದ ಕಂಬದಲ್ಲಿ ಕತ್ತರಿಸಿದ ಬೀಗ ಮಾತ್ರ ಇತ್ತಂತೆ. ಪೊಲೀಸರಿಗೆ ದೂರು ಕೊಟ್ಟಿದ್ದಳು. ಕೈಯಲ್ಲಿ ಕಟ್ಟಿದ ಫ್ರೇಮಿಗೆ ನಂಬರ್ ಕೂಡ ಇರಲಿಲ್ಲ, ಏನೆಂದು ಬರೆಸುವುದು? ಕೊನೆಯಲ್ಲಿ ಹೀಗಿತ್ತು: ‘ಅವತ್ತೇ ಕೊಟ್ಟುಬಿಟ್ಟಿದ್ದರೆ ಅವರ ಗೋಡೆಯ ಮೇಲಾದರೂ ಇರುತ್ತಿತ್ತು. ಅವರಿಗೆ ಹೇಳಬೇಡಿ. ಅಥವಾ ಹೇಳಿ. ನನಗೆ ಗೊತ್ತಾಗುತ್ತಿಲ್ಲ.’

ಅಂದಿನಿಂದ ಕಾಫಿ ಕುಡಿಯುತ್ತ ಊರೂರಿನ ಜಾಹೀರಾತು ನೋಡುವುದೇ ನನ್ನ ಬೆಳಗಾಗಿದೆ. ಕದ್ದವರು ಬಣ್ಣ ಬದಲಿಸಿರಬಹುದು, ಎಲ್ಲೋ ದೂರಕ್ಕೆ ಸಾಗಿಸಿರಬಹುದು. ಸಣ್ಣ ಅಳತೆಯ ಫ್ರೇಮು ಕಂಡರೆ ಫೋಟೋ ದೊಡ್ಡದು ಮಾಡಿ ಮುಂದಿನ ಲಗ್ಗು ನೋಡುತ್ತೇನೆ. ಎಲ್ಲ ನೆಟ್ಟಗೇ ಇರುತ್ತವೆ.

ಮೆಸೇಜ್ ಬಂದ ವಾರದ ಶನಿವಾರ ಅಂಕಲ್ ಫೋನ್ ಮಾಡಿದರು.

“ಆ ಹುಡುಗಿ ಹೆಂಗದಾಳ? ಹೊಡೀತಾಳಲ್ಲ ಸೈಕಲ್?”

“ಹೊಡೀತಾರೆ ಅಂಕಲ್,” ಅಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

ಫೋನ್ ಇಟ್ಟ ಮೇಲೆ ಹೆಂಡತಿ, “ಹೇಳ್ಬಿಡಬಾರ್ದಾ?” ಅಂದಳು.

“ಹೇಳಿ ಏನಾಗತ್ತೆ?”

“ಹೇಳ್ದೇ ಇದ್ರೆ? ಪ್ರತಿ ಸಲ ಹಿಂಗೇ ಅಂತೀರಾ?”

ಹಾಗೆಯೇ ಅನ್ನುತ್ತ ಬಂದಿದ್ದೇನೆ. ಹೊಸ ಫೋಟೋ ಕೇಳಿದಾಗ ಹಳೆಯದರಲ್ಲಿ ಅವರಿಗೆ ಕಳಿಸದೆ ಉಳಿದಿದ್ದ ಒಂದನ್ನು ಕಳಿಸಿದೆ. ಅದೇ ಕೊನೆಯದು. ಇನ್ನೊಮ್ಮೆ ಕೇಳಿದರೆ ಏನು ಮಾಡುವುದೋ ತಿಳಿಯದು.

ಮೊನ್ನೆ ಹಿಮ ಬಿದ್ದ ಮರುದಿನ ಮತ್ತೆ ಫೋನ್ ಬಂತು. ಈ ಸಲ ಅವರು ಸೊಂಟದ ಸುದ್ದಿಯನ್ನೂ ಹೇಳಲಿಲ್ಲ.

“ಇಲ್ಲಿ ಹಿಮ ಕರಗಲಿ ಅಂತ ರಸ್ತಾಕ್ಕ ಉಪ್ಪು ಹಾಕ್ಲಿಕ್ಕೆ ಹತ್ಯಾರ. ಸ್ಟೀಲಿಗೆ ಉಪ್ಪು ಭಾಳ ಕೆಟ್ಟ. ಸೀಟ್ ತಗದು ಕೊಳಿವಿ ಒಳಗ ನಾಕು ಹನಿ ಎಣ್ಣಿ ಬಿಡು ಅಂತ ಹೇಳು ಆಕಿಗೆ. ತಲಿಕೆಳಗ ಮಾಡಿ ಒಂದು ತಾಸು ಇಡಬೇಕು, ಅಂದ್ರ ಎಲ್ಲಾ ಕಡೆ ಹರೀತದ. ಬರಕೋ, ಮರೀತಿ ನೀ.”

ಪೆನ್ನು ತೆಗೆದುಕೊಂಡು, ಬಂದ ಪತ್ರವೊಂದರ ಲಕೋಟೆಯ ಹಿಂದೆ ಅಷ್ಟನ್ನೂ ಬರೆದುಕೊಂಡೆ.

“ಹೇಳ್ತೀಯಲ್ಲಾ?”

“ಹೇಳ್ತೀನಿ ಅಂಕಲ್,” ಅಂದೆ.