ಗೋಡೆಯ ಹೊರಗಿನ ಮಣ್ಣು

ಚೌರಪ್ಪ ಕಳೆದ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಭದ್ರಾವತಿ ನ್ಯೂ ಟೌನಿನ ತನ್ನ ಕ್ವಾರ್ಟರ್ಸಿನಲ್ಲಿ ತೀರಿಕೊಂಡ. ಅವನಿಗೆ ನಲವತ್ತೇಳು ವರ್ಷ. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಅದೇ ಸಂಜೆ ಅವನನ್ನು ಕ್ರೈಸ್ತರ ಸಮಾಧಿಭೂಮಿಯ ಗೋಡೆಯ ಹೊರಗೆ ಹೂಳಿದೆವು. ಚರ್ಚಿನ ಗಂಟೆ ಬಾರಿಸಲಿಲ್ಲ. ಚರ್ಚಿನ ಸ್ವಾಮಿಗಳು ಮಣ್ಣಿಗೆ ಬರಲಿಲ್ಲ.

ಕುಡಿದು ಸತ್ತನಂತೆ, ವಿಷ ತಗೊಂಡನಂತೆ, ಮತ ಬಿಟ್ಟಿದ್ದನಂತೆ ಎಂದು ಕಾರ್ಖಾನೆಯ ಗೇಟಿನಲ್ಲಿ ಮಾತು ನಡೆದಿದೆ. ಮೂರೂ ಸುಳ್ಳು. ಹದಿನಾರು ವರ್ಷ ಅವನ ಪಕ್ಕದ ಮನೆಯಲ್ಲಿದ್ದವನು ನಾನು. ಕಂಡದ್ದನ್ನು ಬರೆದಿಡುತ್ತೇನೆ.

ಹಗಲು ಅವನು ಫೌಂಡ್ರಿಯಲ್ಲಿ ಮೋಲ್ಡರ್. ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಅದು ಬಿಟ್ಟುಹೋದ ಟೊಳ್ಳಿಗೆ ಕರಗಿದ ಕಬ್ಬಿಣ ಹೊಯ್ಯುವ ಕೆಲಸ. ಸಂಜೆ ಅವನು ಉಪದೇಶಿ. ಅವರ ಗುರುಗಳು, ಎಲ್ಲರೂ ಸ್ವಾಮಿಗಳು ಎಂದು ಕರೆಯುವವರು, ಶಿವಮೊಗ್ಗದಲ್ಲಿದ್ದರು. ಭದ್ರಾವತಿಗೆ ಭಾನುವಾರ ಮಾತ್ರ ಬರುತ್ತಿದ್ದರು. ಉಳಿದ ಆರು ದಿನ ಮಂತ್ರ ಹೇಳಿಕೊಡುವುದು, ಕಾಯಿಲೆಯವರ ಬಳಿ ಕೂರುವುದು, ಮಣ್ಣಿಗೆ ಹೋಗುವುದು, ಎಲ್ಲ ಚೌರಪ್ಪನದೇ. ಅದಕ್ಕೆ ಸಂಬಳವಿರಲಿಲ್ಲ. ಅವನು ಕೇಳಿದವನೂ ಅಲ್ಲ.

ಆ ಕೆಲಸಗಳಲ್ಲಿ ಒಂದನ್ನು ವಿವರಿಸಬೇಕು. ಅವರಲ್ಲಿ ಮಗುವಿಗೆ ಜ್ಞಾನಸ್ನಾನ ಕೊಡುವವರು ಗುರುಗಳು. ಆದರೆ ಮಗು ಉಳಿಯುವ ಹಾಗೆ ಕಾಣದಿದ್ದರೆ ಯಾರು ಬೇಕಾದರೂ ಕೊಡಬಹುದು. ತಲೆಯ ಮೇಲೆ ನೀರು ಹೊಯ್ಯುತ್ತ ಒಂದು ಸಾಲು ಮಾತು ಹೇಳಿದರೆ ಆಯಿತು. ಹೊಯ್ಯುವವರು ಕ್ರೈಸ್ತರೇ ಆಗಿರಬೇಕೆಂದೂ ಇಲ್ಲ. ಚೌರಪ್ಪ ಆ ಒಂದು ಸಾಲನ್ನು ಕಾಲೋನಿಯ ಸೂಲಗಿತ್ತಿಯರಿಗೆಲ್ಲ ಬಾಯಿಪಾಠ ಮಾಡಿಸಿದ್ದ. ಹೆರಿಗೆ ಮನೆಗಳಿಗೆ ಕರೆದಾಗಲೆಲ್ಲ ಹೋಗುತ್ತಿದ್ದ ನನ್ನ ಹೆಂಡತಿ ವಿಮಲಮ್ಮನಿಗೂ ಕಲಿಸಿದ್ದ.

"ನನ್ನ ಮಡಿಗೆ ಏನೂ ಆಗಲ್ವಾ ಚೌರಪ್ಪನೋರೇ?" ಎಂದು ಅವಳು ಕೇಳಿದ್ದಳು.

"ನೀರು ನಿಮ್ಮನೆ ನಲ್ಲೀದೇ ಅಲ್ವೇನಮ್ಮ?"

ಫೌಂಡ್ರಿಯಲ್ಲಿ ಕ್ರೇನ್ ಓಡಿಸುತ್ತಿದ್ದ ಪೀರ್ ಬಾಷಾ ಅವನನ್ನು ಬಿಡುತ್ತಿರಲಿಲ್ಲ. "ಪಾದ್ರಿ ಸಾಬ್, ನನ್ನ ಕ್ರೇನಿಗೂ ಒಂದು ಚೊಂಬು ನೀರು ಹಾಕಿ. ದಿನಾ ಸಾಯ್ತಾ ಇದೆ."

"ಹಾಕ್ತೀನಿ ಮಾರಾಯ. ಆಮೇಲೆ ಅದು ಭಾನುವಾರ ಕೆಲಸ ಮಾಡಲ್ಲ ಅಂದ್ರೆ ನನ್ನನ್ನ ಕೇಳ್ಬೇಡ."

ಆದರೆ ಕಾಲೋನಿಯ ಸಾಲುಮನೆಗಳಲ್ಲಿ ಇದು ನಗೆಯ ವಿಷಯವಾಗಿರಲಿಲ್ಲ. ಚೌರಪ್ಪ ಚೊಂಬು ಹಿಡಿದು ಬಂದನೆಂದರೆ ಆ ಮನೆಯ ಹೆಂಗಸರು ಅಳಲು ಶುರುಮಾಡುತ್ತಿದ್ದರು. ನೀರು ಬಿದ್ದ ಮಕ್ಕಳಲ್ಲಿ ಒಂದೆರಡು ಬದುಕಿದ್ದೂ ಉಂಟು. ಮಿಕ್ಕವೆಲ್ಲ ಸಂಜೆಯೊಳಗೆ ಹೋಗುತ್ತಿದ್ದವು. ವರ್ಷಗಟ್ಟಲೆ ಇದನ್ನೇ ಮಾಡಿದ ಅವನ ಕೈಗೆ ಆ ನೀರು ಮತ್ತು ಸಾವು ಒಂದೇ ಆಗಿಹೋಗಿದ್ದವು. ಅದು ಅವನಿಗೇ ತಿಳಿದಿರಲಿಲ್ಲ.

ಅವನಿಗೂ ಜ್ಞಾನಮ್ಮನಿಗೂ ಮದುವೆಯಾಗಿ ಹನ್ನೆರಡು ವರ್ಷ ಮಕ್ಕಳಿರಲಿಲ್ಲ. ನಾಲ್ಕು ಬಸಿರು ನಿಲ್ಲದೆ ಹೋಗಿದ್ದವು. ಐವತ್ತೈದನೇ ಇಸವಿಯ ಆಗಸ್ಟಿನಲ್ಲಿ, ಒಂದು ಬುಧವಾರ, ಎಂಟು ತಿಂಗಳಿಗೇ ಗಂಡು ಮಗು ಹುಟ್ಟಿತು. ಅಂಗೈ ಅಗಲದ ಮಗು. ಅಳು ಬೆಕ್ಕಿನ ಮರಿಯ ಹಾಗೆ. ಗುರುವಾರ ಮಧ್ಯಾಹ್ನ ಅದು ಹಾಲು ಎಳೆಯುವುದನ್ನು ಬಿಟ್ಟಿತು.

"ನೀರು ಹಾಕ್ಬಿಡ್ರಿ," ಎಂದಳು ಜ್ಞಾನಮ್ಮ. ನಾನೂ ವಿಮಲಳೂ ಬಾಗಿಲಲ್ಲಿದ್ದೆವು.

"ಸಾಯೋ ಮಕ್ಕಳಿಗೆ ಹಾಕೋದು ಅದು. ಇದು ಸಾಯಲ್ಲ. ಭಾನುವಾರ ಸ್ವಾಮಿಗಳು ಬರ್ತಾರೆ. ಎಲ್ಲರ ಮಕ್ಕಳ ಹಾಗೆ ಚರ್ಚಲ್ಲಿ, ಬಿಳೀ ಬಟ್ಟೆ ಹಾಕಿ, ಹೆಸರಿಟ್ಟು ಮಾಡ್ಸೋಣ."

"ಅಲ್ಲೀವರೆಗೆ ಇಲ್ಲದೇ ಹೋದ್ರೆ?"

"ಹಾಗಂದ್ಕೊಂಡ್ರೆ ನಂಬಿಕೆ ಎಲ್ಲಿ ಉಳೀತು? ದೇವರು ಇದನ್ನ ಕೊಟ್ಟಿರೋದು ನಮ್ಮನ್ನ ಪರೀಕ್ಷೆ ಮಾಡಿ ನೋಡೋದಕ್ಕೆ. ನೀನೂ ಹಾಕಲ್ಲ, ಬೇರೆ ಯಾರಿಗೂ ಹಾಕೋಕೆ ಬಿಡಲ್ಲ ಅಂತ ಮಾತು ಕೊಡು."

ಅವಳು ಕೊಟ್ಟಳು.

ಶುಕ್ರವಾರ ಸಂಜೆ ಜಗಲಿಯಲ್ಲಿ ಅವನು ನನಗೆ ಅಬ್ರಹಾಮನ ಕಥೆ ಹೇಳಿದ. ಮುದುಕನಾದ ಮೇಲೆ ಹುಟ್ಟಿದ ಒಬ್ಬನೇ ಮಗನನ್ನು ಬಲಿ ಕೊಡು ಎಂದು ದೇವರು ಕೇಳಿದ್ದು, ಅವನು ಮಗನನ್ನು ಬೆಟ್ಟಕ್ಕೆ ಕರೆದೊಯ್ದದ್ದು. ನಾನು ಅದನ್ನು ಓದಿದ್ದೆ. ಆದರೆ ಅವನು ಹೇಳಿದ್ದು ಬೆಟ್ಟದಲ್ಲಿ ಈಗ ನಿಂತಿರುವವನ ಹಾಗೆ.

"ಕತ್ತಿ ಎತ್ತೋವರೆಗೂ ದೇವರು ಸುಮ್ಮನಿದ್ದ, ಮೂರ್ತಿ. ಕೊನೇ ಗಳಿಗೇಲಿ ಕೂಗಿ ತಡೆದ. ನಾನೂ ಆ ಗಳಿಗೆವರೆಗೆ ಕಾಯ್ತೀನಿ."

"ಅಬ್ರಹಾಮನಿಗೆ ದೇವರು ಬಾಯಿಬಿಟ್ಟು ಹೇಳಿದ್ದ. ನಿನಗೆ ಕಾಯಿ ಅಂತ ಯಾರು ಹೇಳಿದ್ರು?"

ಅವನು ಎದ್ದು ಒಳಗೆ ಹೋದ. ನಾನು ಇನ್ನೊಂದು ಸಲ ಕೇಳಬೇಕಾಗಿತ್ತು.

ಶನಿವಾರ ಬೆಳಿಗ್ಗೆ ಅವನು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದ. ಗಾಂಧಿ ಬಜಾರಿನಲ್ಲಿ ಮರುದಿನದ ಜ್ಞಾನಸ್ನಾನಕ್ಕೆ ಬಿಳಿ ಬಟ್ಟೆ ತರಬೇಕಾಗಿತ್ತು. ಮೂರು ಅಂಗಡಿ ಹತ್ತಿ ಇಳಿದನಂತೆ. ಒಂದರಲ್ಲಿ ಬಟ್ಟೆ ಒರಟು, ಇನ್ನೊಂದರಲ್ಲಿ ಅಂಚಿಗೆ ಬಣ್ಣ.

ಹನ್ನೊಂದು ಗಂಟೆಗೆ ಮಗುವಿನ ತುಟಿ ನೀಲಿಯಾಯಿತು. ವಿಮಲ ಚೊಂಬಿನಲ್ಲಿ ನೀರು ತಂದು ಹಾಸಿಗೆಯ ಬಳಿ ನಿಂತಳು.

"ಬೇಡ ಅಕ್ಕ," ಎಂದಳು ಜ್ಞಾನಮ್ಮ. "ಮಾತು ಕೊಟ್ಟಿದ್ದೀನಿ."

"ನಿನ್ನ ಮಾತು ಒಲೆಗೆ ಹಾಕು! ಮಗು ಹೋಗ್ತಾ ಇದೆ ಕಣೇ!"

"ನಾನು ನಂಬಿಕೆ ಕೆಡಿಸಿದ್ದಕ್ಕೇ ಹೋಯ್ತು ಅಂತ ಆಗ್ಬಾರ್ದು ಅಕ್ಕ. ಬೇಡ."

ವಿಮಲ ನನ್ನ ಮುಖ ನೋಡಿದಳು. ನನಗೂ ಆ ಸಾಲು ಬರುತ್ತಿತ್ತು. ಇನ್ನೊಬ್ಬರ ಮತದ ವಿಷಯ ಎಂದುಕೊಂಡೆ. ಕೈ ಚಾಚಲಿಲ್ಲ. ಹನ್ನೊಂದೂವರೆಗೆ ಮಗು ಹೋಯಿತು.

ಅವನು ಎರಡು ಗಂಟೆಗೆ ಬಂದ. ಮಗುವನ್ನು ನೋಡಿದ. ಚೊಂಬನ್ನು ನೋಡಿದ. ಅದು ಹಾಸಿಗೆಯ ಪಕ್ಕದಲ್ಲೇ, ತುಂಬಿದ ಹಾಗೇ ಇತ್ತು. ವಿಮಲ ಅವನ ಕೈಯಿಂದ ಬಟ್ಟೆಯ ಪೊಟ್ಟಣ ತೆಗೆದುಕೊಂಡು ಮಗುವಿಗೆ ಹೊದಿಸಲು ಹೋದಳು.

"ಅದನ್ನ ಬಿಡಿ ಅಮ್ಮ. ಅದು ಜ್ಞಾನಸ್ನಾನ ಆದ ಮಕ್ಕಳದು."

ಜ್ಞಾನಮ್ಮನ ಹಳೆಯ ಸೀರೆಯಲ್ಲಿ ಸುತ್ತಿದ.

ಜ್ಞಾನಸ್ನಾನವಿಲ್ಲದೆ ಸತ್ತ ಶಿಶುವಿಗೆ ನರಕವಿಲ್ಲ, ಸ್ವರ್ಗವೂ ಇಲ್ಲ ಎಂದು ಅವರು ಕಲಿಸುತ್ತಾರೆ. ನೋವಿಲ್ಲದ, ಆದರೆ ದೇವರ ಮುಖ ಎಂದೆಂದಿಗೂ ಕಾಣದ ಬೇರೊಂದು ಜಾಗ. ಆ ದೇಹವನ್ನು ಮಂತ್ರಿಸಿದ ಭೂಮಿಯೊಳಗೆ ಹೂಳುವ ಹಾಗಿಲ್ಲ. ಗೋಡೆಯ ಹೊರಗಿನ ನೆಲ ಅಂಥವರಿಗೆ. ಇದನ್ನು ಬೇರೆ ತಂದೆಯರಿಗೆ ಮೆತ್ತಗೆ ತಿಳಿಸಿ ಹೇಳುತ್ತಿದ್ದವನು ಚೌರಪ್ಪನೇ. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಭಾನುವಾರ ಸ್ವಾಮಿಗಳು ಬರುವ ಹೊತ್ತಿಗೆ ಗೋಡೆಯ ಹೊರಗೆ ತಾನೇ ಗುಂಡಿ ತೋಡಿ ಮುಗಿಸಿದ್ದ. ಮಗುವಿಗೆ ಇಡಬೇಕೆಂದಿದ್ದ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ.

ಸ್ವಾಮಿಗಳು ಅತ್ತರು. "ದೇವರ ಕರುಣೆ ನಮ್ಮ ಪುಸ್ತಕಕ್ಕಿಂತ ದೊಡ್ಡದು ಚೌರಪ್ಪ," ಎಂದರು.

"ಹಾಗಾದ್ರೆ ಇದನ್ನ ಒಳಗೆ ಹೂಳ್ಲಾ ಸ್ವಾಮಿ?"

ಅವರು ತಲೆ ತಗ್ಗಿಸಿದರು.

ಅಂದಿನಿಂದ ಅವನು ಉಪದೇಶಿಯ ಕೆಲಸ ಬಿಟ್ಟ. ಪ್ರತಿ ಭಾನುವಾರ ಪೂಜೆಗೆ ಹೋಗಿ ಹಿಂದಿನ ಕಂಬದ ಬಳಿ ನಿಲ್ಲುತ್ತಿದ್ದ. ಆದರೆ ಪ್ರಸಾದ ತೆಗೆದುಕೊಳ್ಳಲಿಲ್ಲ, ಪಾಪನಿವೇದನೆ ಮಾಡಲಿಲ್ಲ. ದೇವರಿಲ್ಲ ಎಂದು ಈ ಒಂಬತ್ತು ವರ್ಷದಲ್ಲಿ ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಬದುಕು ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಪೀರ್ ಬಾಷಾ ಒಂದು ಸಲ ಸಮಾಧಾನ ಹೇಳಲು ಹೋದ. "ಇಮ್ತಿಹಾನ್ ಅಣ್ಣ. ಮೇಲಿರೋನು ಪರೀಕ್ಷೆ ಮಾಡ್ತಾನೆ."

"ಪೇಪರು ಕೊಟ್ಟಿದ್ದು ನನಗೆ. ಫೇಲ್ ಮಾಡಿದ್ದು ಮಗೂನ. ಇದು ಯಾವ ಸ್ಕೂಲಯ್ಯ?"

ಆಮೇಲೆ ಬಾಷಾ ಆ ಮಾತು ಎತ್ತಲಿಲ್ಲ. ದಿನವೂ ತನ್ನ ಬುತ್ತಿ ತಂದು ಚೌರಪ್ಪನ ಪಕ್ಕ ಕೂತು ತಿನ್ನುತ್ತಿದ್ದ, ಅಷ್ಟೆ.

ನಾನೂ ನನಗೆ ತಿಳಿದದ್ದನ್ನು ಹೇಳಿ ನೋಡಿದೆ. ಹಣೆಬರಹ ಎಂದೆ.

"ನಿಮ್ಮಲ್ಲಿ ಅದೊಂದು ಇದೆ ಮಾರಾಯ, ಒಳ್ಳೇ ಏರ್ಪಾಡು," ಎಂದ. "ಬರೆದೋನ ಮೇಲೆ ಹಾಕ್ಬಿಡ್ಬಹುದು. ನಮಗೆ ಅದಿಲ್ಲ. ದೇವರು ನಮಗೆ ಸ್ವಂತ ಮನಸ್ಸು ಕೊಟ್ಟಿದ್ದಾನೆ. ಹಾಕ್ಬೇಡ ಅಂತ ಅವನು ಹೇಳಲಿಲ್ಲ. ಚೊಂಬು ಕೈಗೆ ಸಿಗೋ ಹಾಗಿತ್ತು, ಮಾತು ಬಾಯಲ್ಲಿತ್ತು. ನಾನು ಹಾಕಲಿಲ್ಲ. ನಂಬಿಕೆಯಿಂದ ಅಲ್ಲ, ಮೂರ್ತಿ. ಹೆದರಿಕೆಯಿಂದ. ಹೆದರಿಕೆಗೆ ನಂಬಿಕೆ ಅಂತ ಹೆಸರಿಟ್ಟೆ. ಆಮೇಲೆ ಅದನ್ನೇ ಅವಳ ಕೈಲೂ ಆಣೆ ಮಾಡಿಸ್ದೆ."

ಈ ವರ್ಷ ಯುಗಾದಿ ಕಳೆದ ಮೇಲೆ ಅವನಿಗೆ ಊಟ ಸೇರದಾಯಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಮಂಗಳವಾರ ಬೆಳಿಗ್ಗೆ ಸ್ವಾಮಿಗಳು ಮೊದಲ ಬಸ್ಸಿಗೇ ಬಂದರು. ಅವರಿಗೂ ವಯಸ್ಸಾಗಿದೆ, ಮೆಟ್ಟಿಲು ಹತ್ತಲು ನನ್ನ ತೋಳು ಹಿಡಿದುಕೊಂಡರು. ಸಾಯುವವರಿಗೆ ಕೊಡುವ ಪ್ರಸಾದವನ್ನು ಎದೆಯ ಬಳಿ ಪುಟ್ಟ ಡಬ್ಬಿಯಲ್ಲಿ ತಂದಿದ್ದರು. ಪಾಪ ಹೇಳಿಕೊಂಡು ಅದನ್ನು ತೆಗೆದುಕೊಂಡರೆ ಅವನು ಒಳಗಿನವನು.

"ನನಗೆ ಬೇಡ ಸ್ವಾಮಿ."

"ಯಾಕಪ್ಪ?"

"ತಗೊಂಡ್ರೆ ಗೋಡೆ ಒಳಗೆ ಹೂಳ್ತೀರಿ."

ಸ್ವಾಮಿಗಳು ಮಂಚದ ಅಂಚಿನಲ್ಲಿ ಕುಳಿತು ಅವನ ಕೈ ಹಿಡಿದುಕೊಂಡರು. "ನೀನೇ ಪಾಠ ಹೇಳಿದವನು. ಬೇಕೂಂತ ದೇವರನ್ನ ಬಿಟ್ಟು ಸತ್ತೋನು ಹೋಗೋ ಜಾಗ ಬೇರೆ, ಮಗು ಇರೋ ಜಾಗ ಬೇರೆ. ಹೀಗೆ ಹೋದ್ರೂ ಅದು ನಿನಗೆ ಸಿಗಲ್ಲ ಚೌರಪ್ಪ."

"ಗೊತ್ತು. ಮಣ್ಣಾದ್ರೂ ಒಂದೇ ಆಗ್ಲಿ."

"ದೇವರು ಯಾರನ್ನೂ ಬಲವಂತವಾಗಿ ಎಳ್ಕೊಳ್ಳಲ್ಲ. ನಿನ್ನ ಮನಸ್ಸಿದ್ರೆ ಮಾತ್ರ."

"ಅದನ್ನ ನಂಬಿದ್ದೀನಿ ಸ್ವಾಮಿ. ಅದೊಂದನ್ನ ಯಾವತ್ತೂ ಬಿಟ್ಟಿಲ್ಲ."

ಸ್ವಾಮಿಗಳು ಡಬ್ಬಿ ತೆರೆದರು. ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಜ್ಞಾನಮ್ಮ ಬಂದು ಮಂಚದ ಬಳಿ ಮಂಡಿಯೂರಿದಳು.

"ಬಾಯಿ ತೆಗೀರಿ," ಎಂದಳು. "ನಾನೂ ಒಂದಿನ ಹೋಗ್ಬೇಕಲ್ಲ? ನೀವಿಬ್ಬರೂ ಹೊರಗೆ ಮಲಗಿದ್ರೆ, ಒಳಗೆ ನಾನೊಬ್ಬಳೇ ಮಲಗ್ಬೇಕಾ?"

ಚೌರಪ್ಪ ಅವಳನ್ನು ನೋಡಿದ. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅವಳ ತಲೆಯ ಮೇಲೆ ಕೈಯಿಟ್ಟ. ಸ್ವಾಮಿಗಳು ಪ್ರಸಾದವನ್ನು ಅವನ ಬಾಯಿಯ ಹತ್ತಿರ ತಂದರು. ಅವನು ಹಲ್ಲು ಕಚ್ಚಿ ತುಟಿ ಬಿಗಿದುಕೊಂಡ.