ತುಂಬುತೋಳಿನ ಅಂಗಿ

ಊರಿಗೆಲ್ಲ ಪ್ಯಾಂಟು ಹೊಲಿದುಕೊಡುವ ಮಾಸ್ತರರ ಪ್ಯಾಂಟೇ ಶಾಲೆಯ ಆಪ್ತಸಲಹೆಗಾರ್ತಿಯ ಎದುರು ಪರ್ರೆಂದು ಬಿರಿಯಿತು. ಮಕ್ಕಳಿಗೆಂದು ಇಟ್ಟಿದ್ದ ಪುಟ್ಟ ಕುರ್ಚಿಯಲ್ಲಿ ಕೂರಲು ಬಾಗಿದ್ದೇ ತಪ್ಪಾಯಿತು. ಆಕೆ ಏನೂ ಕೇಳಿಸದವರ ಹಾಗೆ ಕಿಟಕಿಯತ್ತ ನೋಡಿದರು. ಮಾಸ್ತರರು ತೊಡೆ ಜೋಡಿಸಿ ಗಟ್ಟಿಯಾಗಿ ಕೂತರು. ಇನ್ನು ಏಳುವ ಮಾತೇ ಇರಲಿಲ್ಲ.

ಅವರು ಬಂದದ್ದು ಮಗಳನ್ನು ಮನೆಗೆ ಕರೆದೊಯ್ಯಲು. ಹದಿಮೂರರ ಹುಡುಗಿ ಮೂರು ವಾರದಿಂದ ಸೋದರತ್ತೆಯ ಮನೆ ಸೇರಿದ್ದಳು. ತಾಯಿಯಿಲ್ಲದ ಮನೆ, ಅವಳೂ ಹೋದ ಮೇಲೆ ಅಲ್ಲಿ ಬಾಯಿಬಿಡುತ್ತಿದ್ದುದು ಹೊಲಿಗೆ ಯಂತ್ರ ಒಂದೇ.

ಬೀದಿಯಲ್ಲಿ ಅವರ ಹೆಸರು ‘ಅಳತೆ ಮಾಸ್ತರು’. ಕಾಲಿಂಚು ಹೆಚ್ಚುಕಮ್ಮಿಯಾದರೆ ಊಟ ಸೇರದ ಮನುಷ್ಯ. “ಮಾಸ್ತರ ಮನೇಲಿ ಅಳತೆ ಜಾಸ್ತಿ, ಅದಕ್ಕೇ ಮಗು ಅಳುತ್ತೆ” ಎಂದು ಎದುರಂಗಡಿಯ ಕ್ಷೌರಿಕ ಆಡಿಕೊಂಡಾಗ ಮಾಸ್ತರರೂ ನಕ್ಕಿದ್ದರು.

ಸಲಹೆಗಾರ್ತಿ ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. “ಇಬ್ಬರಿಗೂ ಕೇಳಿದ್ದು ಒಂದೇ ಪ್ರಶ್ನೆ, ಸರ್, ಮನೇಲಿ ಎಷ್ಟು ಸಲ ಏಟು ಬೀಳುತ್ತೆ ಅಂತ. ನೀವು ವರ್ಷಕ್ಕೆ ಎರಡು ಸಲ, ಅದೂ ಮೆಲ್ಲಗೆ ಅಂತ ಬರೆದಿದ್ದೀರಿ. ನಿಮ್ಮ ಮಗಳು ವಾರಕ್ಕೆ ಎರಡು ಸಲ ಅಂತಾಳೆ.”

“ಸುಳ್ಳು ಮೇಡಂ! ನಾನು ಕೈ ಎತ್ತಿದ್ದೇ ಎರಡು ಸಲ.”

“ಸ್ಕೇಲು?”

“ಅದಾ? ಅದು ಹೊಡೆಯೋದಲ್ಲ ಮೇಡಂ. ಹಾಲು ಉಕ್ಕಿದ್ರೆ, ಮಾರ್ಕ್ಸ್ ಕಮ್ಮಿಯಾದ್ರೆ, ಸುಮ್ನೆ ಹಂಗೊಂದು ಮುಟ್ಟಿಸೋದು. ನಮ್ಮ ಉಸ್ತಾದರು ನಂಗೆ ಕೆಲಸ ಕಲಿಸಿದ್ದೂ ಹಾಗೇ.”

ಬಾಗಿಲ ಬಳಿ ಅತ್ತೆಯ ಪಕ್ಕ ಕೂತಿದ್ದ ಮಗಳು ತಲೆಯೆತ್ತಲಿಲ್ಲ. “ಅಪ್ಪಾ, ನನ್ನ ಯೂನಿಫಾರ್ಮ್ ತೋಳು ಎಷ್ಟು?”

“ಇಪ್ಪತ್ತಿಂಚು.” ಅಳತೆಯ ಪುಸ್ತಕ ನೋಡುವ ಅಗತ್ಯವೇ ಇರಲಿಲ್ಲ.

“ಬೇರೆ ಹುಡುಗೀರ್ದು?”

“ಎಂಟು...” ಎಂದವರಿಗೆ ಏನೋ ನೆನಪಾಯಿತು.

ಶಾಲೆ ಶುರುವಾಗುವ ಮೊದಲು ಅವಳೇ ಬಂದು ಕೇಳಿದ್ದಳು: “ನಂಗೆ ತುಂಬುತೋಳು ಹೊಲಿ ಅಪ್ಪಾ, ಮೇಲಕ್ಕೆ ಜಾರಬಾರ್ದು.” ಮಗಳಿಗೆ ಗಾಂಭೀರ್ಯ ಬಂತೆಂದು ಮಾಸ್ತರರು ಹಿಗ್ಗಿದ್ದರು. ಮುಂಗೈಗೆ ಎರಡೆರಡು ಗುಂಡಿ ಇಟ್ಟು, ಪಟ್ಟಿಯನ್ನು ಬಿಗಿಯಾಗಿ, ಮನಸ್ಸಿಟ್ಟು ಹೊಲಿದಿದ್ದರು. ಬಂದ ಗಿರಾಕಿಗಳಿಗೆಲ್ಲ ತೋರಿಸಿದ್ದರು ಕೂಡ. ತಾವು ಮೂಡಿಸಿದ ಬರೆಗಳಿಗೆ ತಾವೇ ಹೊದಿಕೆ ಹೊಲಿದು, ಅದರ ಹೊಲಿಗೆಯನ್ನು ಹತ್ತು ಜನರ ಮುಂದೆ ಹೊಗಳಿಕೊಂಡಿದ್ದರು!

ಮಾಸ್ತರರ ಕಿವಿ ಕೆಂಪಾಯಿತು. ಬಿರಿದ ಪ್ಯಾಂಟಿನ ನೆನಪೇ ಹೋಯಿತು. ಮುಂದಿದ್ದ ಪೆನ್ನು ತೆಗೆದುಕೊಂಡು ತಮ್ಮ ಹಾಳೆಯಲ್ಲಿ ‘ವರ್ಷಕ್ಕೆ’ ಎಂಬುದನ್ನು ಹೊಡೆದುಹಾಕಿ ‘ವಾರಕ್ಕೆ’ ಎಂದು ಬರೆದರು. ‘ಮೆಲ್ಲಗೆ’ ಎಂಬುದರ ಮೇಲೂ ಗೀಟೆಳೆದರು. ಮಗಳು ಮೊದಲ ಸಲ ಅತ್ತ ನೋಡಿದಳು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಮ್ಮಣ್ಣ ಕೆಟ್ಟವನಲ್ಲ ಮೇಡಂ, ಮೂಗಿನ ತುದೀಲಿ ಕೋಪ, ಅಷ್ಟೇ. ಇವಳ ಬಟ್ಟೆ ಚೀಲಕ್ಕೆ ತುಂಬಿಯೇ ತಂದಿದ್ದೀನಿ.”

ಸಲಹೆಗಾರ್ತಿಯ ಮುಖವೂ ಸ್ವಲ್ಪ ಸಡಿಲವಾಯಿತು. “ಹೇಳಿ ಸರ್, ಇನ್ನು ಹೊಡೆಯಲ್ಲ ಅಂತ ಮಾತು ಕೊಟ್ಟು ಮಗಳನ್ನ ಕರ್ಕೊಂಡು ಹೋಗ್ತೀರಾ?”

ಮಾಸ್ತರರು ಚೀಲ ನೋಡಿದರು, ಆಮೇಲೆ ಮಗಳ ಆ ತುಂಬುತೋಳು ನೋಡಿದರು.

“ಇವತ್ತು ಬೇಡ ಮೇಡಂ. ಸ್ಕೇಲು ಕೈಗೆ ಹೇಗೆ ಬರುತ್ತೆ ಅಂತ ನಂಗೇ ಗೊತ್ತಾಗಲ್ಲ.”