ಔಷಧಿ ಅಂಗಡಿಯ ಪೊಲೀಸಮ್ಮ

ನನ್ನ ತಂಗಿ ತೀರಿಕೊಂಡ ಸುದ್ದಿ ತಿಳಿದ ದಿನ ಆಸ್ಪತ್ರೆಯವರು ಅವಳ ಮಗಳ ಕೈಗೆ ಒಂದು ಚೀಲ ಕೊಟ್ಟರು. ಚಪ್ಪಲಿ, ಕನ್ನಡಕ, ಜೊತೆಗೆ ಅವಳದಲ್ಲದ ಒಂದು ಬೂದು ಬಣ್ಣದ ಸ್ವೆಟರ್. ಅದು ಯಾರದೆಂದು ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಅಂದು ಬೆಳಿಗ್ಗೆ ತಂಗಿ ಔಷಧಿ ಅಂಗಡಿಯಿಂದ ಮಗಳಿಗೆ ಫೋನ್ ಮಾಡಿ, "ನಮ್ಮ ಭಾಷೆಯೋಳೇ ಕಣೇ, ಆದ್ರೂ ಎರಡು ನೋವಿನ ಮಾತ್ರೆ ಕೊಡಲ್ಲ ಅಂತಾಳೆ. ಜಂಬ ನೋಡು ಅವಳದು" ಎಂದಿದ್ದಳು. ಮಗಳು ಕೇಳಿದ ಕೊನೆಯ ಮಾತು ಅದು.

ಆ ಫಾರ್ಮಸಿಸ್ಟ್ ಮೇಲೆ ಮಗಳು ದೂರು ಬರೆದಿಟ್ಟಿದ್ದಾಳೆ. ಹೊರಗಿನಿಂದ ಈ ದೇಶಕ್ಕೆ ಬಂದವರ ಪರವಾನಗಿ ರದ್ದಾಗಲು ಅಂಥದೊಂದು ದೂರು ಸಾಕು. "ಕಳಿಸೋ ಮುಂಚೆ ಒಂದ್ಸಲ ಅವಳ ಮುಖ ನೋಡಿ ಬರ್ತೀನಿ ತಡಿ" ಎಂದು ನಾನು ಹೊರಟೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಕೆ ಅಂಗಡಿಯ ದೀಪ ಹಾಕಿ, ಮೊದಲು ಔಷಧಿಯ ಫ್ರಿಜ್ಜಿನ ತಂಪು ನೋಡುತ್ತಾಳೆ. ನಲವತ್ತರ ಆಸುಪಾಸು, ಬಿಳಿ ಕೋಟು, ನಗದ ಮುಖ. ಪತ್ರಿಕೆಗೆ ಬರೆಯುವವನು ಎಂದೆ. ಅದು ನಿಜವೇ, ಆದರೆ ಪೂರ್ತಿ ನಿಜವಲ್ಲ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೆಳಗಾಗೋ ಮುಂಚೆ ಬರೆಯೋಕೆ ಬಂದ್ರಾ? ಸರಿ, ಅಲ್ಲಿ ನಿಂತ್ಕೊಳ್ಳಿ" ಎನ್ನುತ್ತಾಳೆ.

ದಿನಕ್ಕೆ ಇನ್ನೂರರಷ್ಟು ಡಾಕ್ಟರ ಚೀಟಿ ಬರುತ್ತವೆ. ಪ್ರತಿಯೊಂದನ್ನೂ ಕಳ್ಳನ ಮಾತು ಕೇಳಿದಂತೆ ಓದುತ್ತಾಳೆ. ಒಬ್ಬ ಮುದುಕನ ಚೀಟಿ ಹಿಡಿದು ಡಾಕ್ಟರಿಗೇ ಫೋನ್ ಮಾಡಿ ತಕರಾರು ತೆಗೆಯುತ್ತಾಳೆ. ಮುದುಕ ಗೊಣಗುತ್ತಾನೆ. ಈ ಊರಲ್ಲಿರುವ ನಮ್ಮವರು ಆಕೆಗೆ ಪೊಲೀಸಮ್ಮ ಎಂದು ಹೆಸರಿಟ್ಟಿರುವುದು ಇದಕ್ಕೇ.

"ನನಗೆ ಎಲ್ಲರ ಮೇಲೂ ಅನುಮಾನ ಸರ್. ಸಂಬಳ ಕೊಡೋದೇ ಅದಕ್ಕೆ."

ನಮ್ಮ ದೇಶದಲ್ಲಿ ವರ್ಷಾನುಗಟ್ಟಲೆ ಔಷಧಿ ಅಂಗಡಿ ನಡೆಸಿದವಳು. ಇಲ್ಲಿ ಆ ಓದು ಲೆಕ್ಕಕ್ಕೆ ಬರಲಿಲ್ಲ. ಇದೇ ಅಂಗಡಿಯಲ್ಲಿ ಶಾಂಪೂ ಬಾಟಲಿ ಜೋಡಿಸುತ್ತಾ ಪರೀಕ್ಷೆಗೆ ಓದಿದಳು. ಗಂಡ ಸಾಮಾನು ಸಾಗಿಸುವ ವ್ಯಾನು ಓಡಿಸಿ ಮನೆ ನಡೆಸಿದ. ಆ ಪರೀಕ್ಷೆಯಲ್ಲಿ ರೋಗಿಯ ವೇಷದಲ್ಲಿ ನಟರನ್ನು ಕೂರಿಸುತ್ತಾರೆ. ಅವರು ಬೇಕೆಂದೇ ವಿಷಯ ಮುಚ್ಚಿಡುತ್ತಾರೆ.

"ಒಬ್ಬ ತಾತ ಬೇರೆ ಮಾತ್ರೆ ಏನೂ ತಗೊಳ್ಳಲ್ಲಮ್ಮ ಅಂದ. ದೊಡ್ಡೋರು ಹೇಳಿದ್ಮೇಲೆ ಮತ್ತೆ ಕೆದಕಿ ಕೇಳೋದು ಹೇಗೆ? ನಂಬಿದೆ. ಫೇಲಾದೆ. ಎರಡನೇ ಸಲ ಒಬ್ಬ ಅಜ್ಜಿ, ಅದೇ ಕಥೆ. ಆಮೇಲೆ ನಂಬೋದು ಬಿಟ್ಟೆ, ಪಾಸಾದೆ."

ಇಷ್ಟು ಸಲೀಸಾಗಿ ಮಾತಾಡುವವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎನಿಸುತ್ತದೆ. ತಂಗಿಯ ಹೆಸರು ಹೇಳಿ, ನಾನು ಅವಳ ಅಣ್ಣ ಎನ್ನುತ್ತೇನೆ. ಆಕೆ ಕೈಯಲ್ಲಿದ್ದ ಚೀಟಿ ಕೆಳಗಿಡುತ್ತಾಳೆ.

"ಗಿರಾಕಿಗಳ ವಿಷಯ ಹೊರಗೆ ಆಡೋ ಹಾಗಿಲ್ಲ ಸರ್. ನೀವು ಅವರ ಅಣ್ಣ ಅಂತ ನಾನು ಹೇಗೆ ನಂಬಲಿ?"

"ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಯಾರದೋ ಸ್ವೆಟರ್ ಇತ್ತು" ಎನ್ನುತ್ತೇನೆ.

"ಬೂದು ಬಣ್ಣದ್ದು? ಕೊರಳ ಹತ್ರ ಗುಂಡಿ ಕಿತ್ತು, ಪಿನ್ನು ಚುಚ್ಚಿತ್ತಾ?"

ಪಿನ್ನು ಇತ್ತು ನಿಜ, ಆದರೆ ಅದರ ಮಾತಾಗಲಿ ಬಣ್ಣದ ಮಾತಾಗಲಿ ನಾನು ಆಡಿರಲಿಲ್ಲ.

ಆಕೆ ತಗ್ಗಿದ ದನಿಯಲ್ಲಿ ಹೇಳುತ್ತಾಳೆ: "ಭುಜ ನೋವು, ಮಾತ್ರೆ ಕೊಡು ಅಂದ್ರು. ಅಷ್ಟು ಚಳೀಲಿ ಬೆವರ್ತಿದ್ರು. ಭುಜ ಒಂದೇನಾ ಅಂತ ಕೇಳಿದ್ರೆ ಒಂದೇ ಅಂದ್ರು. ನಂಬಲಿಲ್ಲ, ಇದು ಹೃದಯದ್ದೇ ತೊಂದರೆ ಅನ್ನಿಸ್ತು. ಆಂಬುಲೆನ್ಸಿಗೆ ಫೋನ್ ಮಾಡ್ತಿದ್ದಾಗ ಹೊರಟೇಬಿಟ್ರು. ಬಸ್ ನಿಲ್ದಾಣದ ತನಕ ಓಡಿಹೋಗಿ ಹಿಡಿದು ಕೂರಿಸಿದೆ. ನಡುಗ್ತಿದ್ರು, ಸ್ವೆಟರ್ ಬಿಚ್ಚಿ ಹಾಕಿದೆ. ಆಮೇಲೇನಾಯ್ತು ಅಂತ ಆಸ್ಪತ್ರೆಯೋರು ನನಗೆ ಹೇಳಲಿಲ್ಲ, ನಾನು ನೆಂಟಳಲ್ಲ ನೋಡಿ. ಹೇಗಿದಾರೆ? ಬೈಯೋಕಾದ್ರೂ ಬರ್ತಾರೆ ಅಂತ ಕಾಯ್ತಾ ಇದೀನಿ."

ಅದನ್ನು ನಾನೇ ಹೇಳಬೇಕಾಯಿತು. ಆಕೆ ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

ಅಲ್ಲಿಂದಲೇ ತಂಗಿಯ ಮಗಳಿಗೆ ಫೋನ್ ಮಾಡಿ ತಿಳಿಸುತ್ತೇನೆ. ಅವಳು, "ಮಾವ, ಅಮ್ಮ ಅವರಿಗೆ ಕೊನೇಲಿ ಏನಂದ್ರಂತೆ ಕೇಳು" ಎನ್ನುತ್ತಾಳೆ.

"ಬೈದ್ರು" ಎನ್ನುತ್ತಾಳೆ ಆಕೆ. "ಬಿಡೇ ಪೊಲೀಸಮ್ಮ, ನನ್ನ ಬಸ್ಸು ಹೋಗುತ್ತೆ ಅಂದ್ರು. ಆದ್ರೆ ನನ್ನ ಕೈ ಮಾತ್ರ ಬಿಡಲಿಲ್ಲ."

"ದೂರು ಹರಿದು ಹಾಕ್ತೀನಿ ಮಾವ" ಎಂದು ಫೋನಿನೊಳಗಿಂದ ಕೇಳುತ್ತದೆ.

ಹೊರಡುವಾಗ ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. "ಇಲ್ಲೊಂದು ಕುರ್ಚಿ ಹಾಕಿಸಿ ಅಂತ ಯಜಮಾನರನ್ನ ಕೇಳಿದೀನಿ. ಕೂತೋರು ಅಷ್ಟು ಬೇಗ ಎದ್ದು ಹೋಗಲ್ಲ."

ಭಗವಂತಾ, ಪರರ ಸ್ವೆಟರ್ ಹೊದ್ದು ನಿನ್ನ ಬಾಗಿಲಿಗೆ ಬಂದ ನನ್ನ ತಂಗಿಯನ್ನು ಒಳಗೆ ಕರೆದುಕೋ. ಅವಳ ಗೊಣಗಾಟ ಮನ್ನಿಸು. ಅವಳಿಗೆ ಶಾಂತಿ ಕೊಡು.